ಒನಕೆಯಾಕಾರದ ಧೂಳಿನ ಅಣಬೆ: ಗುರುತಿಸುವುದು ಹೇಗೆ? ತಿನ್ನಬಹುದೇ?



ಮುಂಗಾರಿನ ಹದ ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ನಮ್ಮ ಬಯಲುಸೀಮೆಯ ಬದು, ಗೋಮಾಳ, ಹುತ್ತದ ಬುಡ, ತಿಪ್ಪೆಯ ಮಗ್ಗುಲು ಎಲ್ಲ ಕಡೆಯೂ ಅಣಬೆಗಳು ಏಳುತ್ತವೆ. ಕೊಡೆಯಂತೆ ಬಿಚ್ಚಿಕೊಳ್ಳುವ ಅಣಬೆಯನ್ನು ಎಲ್ಲರೂ ಬಲ್ಲರು. ನಾಯಿಕೊಡೆ ಎಂದು ಕಾಲಿನಿಂದ ಒದ್ದು ಮುಂದೆ ಹೋಗುತ್ತೇವೆ. ಆದರೆ ಇವುಗಳ ನಡುವೆ ಎಂದೂ ಕೊಡೆ ಬಿಚ್ಚದ ಅಣಬೆಯೊಂದಿದೆ. ಗೇಣಿಗೆ ಸ್ವಲ್ಪ ಕಡಿಮೆ ಉದ್ದದ ಗಟ್ಟಿ ಕಾಲು. ಕಾಲಿನ ತುದಿಗೆ ನೀಳವಾದ ಮೊಟ್ಟೆಯಾಕಾರದ ಮುಚ್ಚಿದ ತಲೆ. ಎಳೆಯದಿದ್ದಾಗ ಬೆಳ್ಳಗಿರುತ್ತದೆ. ಬಲಿತು ಒಣಗಿದ ಮೇಲೆ ತಲೆ ಸೀಳಿ, ಒಳಗಿನಿಂದ ಕಂದು ಅಥವಾ ಕರಿ ಪುಡಿ ಗಾಳಿಗೆ ಹಾರುತ್ತದೆ.

ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯ ಕುರಿಗಾಹಿಯೊಬ್ಬರು ಒಂದು ಮುಂಗಾರಿನಲ್ಲಿ ಇಂತಹ ನಾಲ್ಕೈದು ಅಣಬೆಗಳನ್ನು ಟವೆಲಿನ ತುದಿಗೆ ಕಟ್ಟಿಕೊಂಡು ಬಂದಿದ್ದರು. "ಸಾಹೇಬ್ರೇ, ಇದೇನು ಹೇಳ್ರಿ. ಮಳಿ ಬಿದ್ದ ಮ್ಯಾಲೆ ಹುತ್ತದ ಹತ್ರ ಎದ್ದಿದ್ವು. ಎಳೇವು ಬೆಳ್ಳಗವೆ, ಬಲಿತಿದ್ದರ ಒಳಗೆಲ್ಲ ಕಾಡಿಗೆ ಐತಿ. ಸಾರು ಮಾಡು ಅಂತ ಮೊಮ್ಮಕ್ಕಳು ಅಜ್ಜಿ ಬೆನ್ನು ಹತ್ತಿದಾವೆ" ಎಂದರು. "ಯಜಮಾನ್ರೇ, ಒಳ್ಳೆ ಕೆಲಸ ಮಾಡಿದ್ರಿ. ಒಲೆ ಮೇಲೆ ಇಡೋಕೆ ಮುಂಚೆ ಇಲ್ಲಿಗೆ ತಂದ್ರಿ" ಎಂದೆ. ಅಲ್ಲಿದ್ದ ಹತ್ತಾರು ರೈತರು ಅಣಬೆಗಳನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಅವರಿಂದ ಮೂರು ಪ್ರಶ್ನೆಗಳು ಬಂದವು. ಈ ಕರಿ ಪುಡಿ ಜೋಳದ ಕಾಡಿಗೆ ರೋಗವನ್ನು ಹರಡುತ್ತದೆಯೇ? ಪುಡಿ ಕಣ್ಣಿಗೆ, ಮೂಗಿಗೆ ಹೋದರೆ ಕೆಡುಕೇ? ಎಳೆಯದನ್ನು ತಿನ್ನಬಹುದೇ? ಇವು ಎಲ್ಲ ಊರಿನವರೂ ಕೇಳುವ ಪ್ರಶ್ನೆಗಳು. ಅದರಲ್ಲೂ ಮೂರನೆಯದು ಜೀವದ ಪ್ರಶ್ನೆ. ಆದ್ದರಿಂದ ವಿವರವಾಗಿ ತಿಳಿಯುವುದು ಒಳ್ಳೆಯದು.

ಹೆಸರಿನ ಹಿನ್ನೆಲೆ

ಶಾಸ್ತ್ರಜ್ಞರು ಈ ಅಣಬೆಗೆ ಪೊಡಾಕ್ಸಿಸ್ ಪಿಸ್ಟಿಲ್ಲಾರಿಸ್ ಎಂದು ಹೆಸರಿಟ್ಟಿದ್ದಾರೆ. ಗಿಡಮರ, ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ ದೇಶದ ಲಿನೇಯಸ್, ಭಾರತದಿಂದ ಹೋದ ಮಾದರಿಯನ್ನು ಕಂಡು 1771ರಲ್ಲಿ ಇದನ್ನು ಮೊದಲು ವರ್ಣಿಸಿದ. ಅವನು ಇಟ್ಟ ಹೆಸರು ಲೈಕೊಪರ್ಡಾನ್ ಪಿಸ್ಟಿಲ್ಲಾರೆ. ಲೈಕೊಪರ್ಡಾನ್ ಎಂದರೆ ಗ್ರೀಕ್ ಭಾಷೆಯಲ್ಲಿ ತೋಳ ಬಿಟ್ಟ ಹೂಸು. ತುಳಿದರೆ ಪುಸ್ಸೆಂದು ಧೂಳು ಉಗುಳುವ ಉಂಡೆ ಅಣಬೆಗಳಿಗೆ ಆ ಕಡೆಯವರು ಇಟ್ಟ ಹೆಸರದು. ಪಿಸ್ಟಿಲ್ಲಾರೆ ಎಂದರೆ ಕುಟ್ಟುವ ಒನಕೆಯಂತಹದು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಓಬವ್ವನ ಸೀಮೆಯವರಾದ ನಿಮಗೆ ಒನಕೆ ಎಂದರೇನೆಂದು ಹೇಳಬೇಕಾಗಿಲ್ಲ. ಅಣಬೆಯ ಆಕಾರ ನೋಡಿದರೆ ಹೆಸರು ಸರಿಯಾಗಿದೆ ಎನಿಸುತ್ತದೆ. ಈ ಲೇಖನದ ಮಟ್ಟಿಗೆ ನಾವೂ ಇದನ್ನು ಒನಕೆ ಅಣಬೆ ಎಂದೇ ಕರೆಯೋಣ.

ಲಿನೇಯಸ್ ಇದನ್ನು ಧೂಳು ಉಗುಳುವ ಉಂಡೆ ಅಣಬೆಗಳ ಸಾಲಿಗೆ ಸೇರಿಸಿದ. ಅನಂತರ ಬಂದವರೂ ಬಹುಕಾಲ ಅದೇ ಸಾಲಿನಲ್ಲಿಟ್ಟರು. ಬೀಜಾಣುಗಳನ್ನು ಹೊಟ್ಟೆಯೊಳಗೇ ಬಲಿಸುವ ಅಣಬೆಗಳೆಲ್ಲ ಒಂದೇ ಕುಲದವು ಎಂಬುದು ಆಗಿನ ತಿಳಿವಳಿಕೆ. ವಂಶವಾಹಿಗಳನ್ನು ಪರೀಕ್ಷಿಸುವ ವಿಧಾನ ಬಂದ ಮೇಲೆ ಈ ತಿಳಿವಳಿಕೆ ಬದಲಾಯಿತು. ಒನಕೆ ಅಣಬೆಯು ಕೊಡೆಯಡಿಯಲ್ಲಿ ಪದರಗಳಿರುವ ಅಣಬೆಗಳ ಹತ್ತಿರದ ಬಂಧು ಎಂದು ಗೊತ್ತಾಗಿದೆ. ಹೊರನೋಟಕ್ಕೆ ಉಂಡೆ ಅಣಬೆ, ಹುಟ್ಟಿನಿಂದ ಕೊಡೆ ಅಣಬೆ. ಅಲ್ಲದೆ ಲೋಕದ ಒಣ ಸೀಮೆಗಳಲ್ಲೆಲ್ಲ ಇದೇ ಹೆಸರಿನಿಂದ ಕರೆಯುವ ಅಣಬೆಗಳು ಒಂದೇ ಜಾತಿಯವಲ್ಲ, ಒಂದನ್ನೊಂದು ಹೋಲುವ ಹಲವು ಜಾತಿಗಳು ಎಂದೂ ತಿಳಿದುಬಂದಿದೆ.

ಕೊಡೆ ಯಾಕೆ ಬಿಚ್ಚುವುದಿಲ್ಲ?

ಇದಕ್ಕೆ ಉತ್ತರ ನಮ್ಮ ಸೀಮೆಯ ಬಿಸಿಲಿನಲ್ಲೇ ಇದೆ. ಮಲೆನಾಡಿನ ಅಣಬೆ ಕೊಡೆ ಬಿಚ್ಚಿ, ತಂಪು ಗಾಳಿಯಲ್ಲಿ ಬೀಜಾಣುಗಳನ್ನು ನಿಧಾನವಾಗಿ ಉದುರಿಸುತ್ತದೆ. ಒಣ ಸೀಮೆಯಲ್ಲಿ ಅಣಬೆ ಎದ್ದ ಎರಡು ದಿನಕ್ಕೆ ಮೋಡ ಸರಿದು ಬಿಸಿಲು ಹೊಡೆಯುತ್ತದೆ. ಬಿಚ್ಚಿದ ಕೊಡೆ ಅಲ್ಲೇ ಮುರುಟಿಹೋಗುತ್ತದೆ. ಒನಕೆ ಅಣಬೆ ತಲೆಯನ್ನು ಮುಚ್ಚಿಕೊಂಡೇ ಒಳಗಿನ ತೇವದಲ್ಲಿ ಬೀಜಾಣುಗಳನ್ನು ಬಲಿಸಿಕೊಳ್ಳುತ್ತದೆ. ಬಲಿತ ಮೇಲೆ ಒಣಗಿ, ಎಳ್ಳಿನ ಕಾಯಿಯಂತೆ ಸೀಳಿ, ಗಾಳಿ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಪುಡಿ ಉದುರಿಸುತ್ತದೆ. ಕಾಲು ಮರದ ಕಡ್ಡಿಯಂತೆ ಗಟ್ಟಿಯಾಗಿರುವುದರಿಂದ ಒಣಗಿದ ಮೇಲೂ ಬೀಳದೆ ಬಹಳ ದಿನ ನಿಂತಿರುತ್ತದೆ. ಮಳೆಯನ್ನೇ ನಂಬಿ ಬೇಸಾಯ ಮಾಡುವ ನಮ್ಮಂತೆಯೇ ಸಿಕ್ಕ ಹದದಲ್ಲಿ ಬೇಗ ಬೆಳೆದು ಬೀಜ ಕಾಪಾಡಿಕೊಳ್ಳುವ ಜೀವ ಇದು.

ಗುಡುಗು ಸಿಡಿಲಿಗೆ ಅಣಬೆ ಹುಟ್ಟುತ್ತದೆ ಎಂಬ ಮಾತು ಊರುಗಳಲ್ಲಿದೆ. ಅಣಬೆ ಗುಡುಗಿನಿಂದ ಹುಟ್ಟಿದ್ದಲ್ಲ. ನೆಲದೊಳಗೆ ಹತ್ತಿಯ ಎಳೆಯಂತಹ ಬಿಳಿ ಜಾಲ ವರ್ಷವಿಡೀ ಇರುತ್ತದೆ. ಅಣಬೆಯ ನಿಜವಾದ ಮೈ ಅದೇ. ನಾವು ಕಾಣುವುದು ಅದರ ಕಾಯಿ ಮಾತ್ರ. ಗುಡುಗಿನ ಜೊತೆ ಬರುವ ಮಳೆಯ ತೇವಕ್ಕೆ ಜಾಲ ಕಾಯಿ ಬಿಡುತ್ತದೆ.

ಗುರುತಿಸುವ ಬಗೆ

ಒನಕೆ ಅಣಬೆಯನ್ನು ಗುರುತಿಸಲು ಈ ಲಕ್ಷಣಗಳನ್ನು ಒಂದೊಂದಾಗಿ ನೋಡಬೇಕು. ಒಂದೆರಡು ಲಕ್ಷಣ ಹೊಂದಿದರೆ ಸಾಲದು.

1. ಎಲ್ಲಿ ಎದ್ದಿದೆ: ಮರಳುಮಿಶ್ರಿತ ನೆಲ, ಹುಲ್ಲು ವಿರಳವಾದ ಗೋಮಾಳ, ಹುತ್ತದ ಮೇಲೆ ಅಥವಾ ಹುತ್ತದ ಸುತ್ತ. ಮಳೆ ಬಂದ ಕೆಲವು ದಿನಗಳಲ್ಲಿ ಒಂಟಿಯಾಗಿ ಇಲ್ಲವೆ ನಾಲ್ಕಾರು ಗುಂಪಾಗಿ ಏಳುತ್ತದೆ.

2. ಎತ್ತರ: ಸಾಮಾನ್ಯವಾಗಿ 7ರಿಂದ 15 ಸೆಂಟಿಮೀಟರ್. ಕೆಲವು ಇನ್ನೂ ಎತ್ತರ ಬೆಳೆಯುತ್ತವೆ.

3. ತಲೆ: ಮೊಟ್ಟೆಯಾಕಾರ, ಅಗಲಕ್ಕಿಂತ ಉದ್ದ ಹೆಚ್ಚು. ಎಳೆಯದರಲ್ಲಿ ಬಿಳಿ ಅಥವಾ ಮಾಸಲು ಬಿಳಿ. ಮೇಲೆ ಒರಟು ಸಿಪ್ಪೆ ಚಕ್ಕೆಗಳಿರುತ್ತವೆ. ಇವು ಬರಬರುತ್ತ ಉದುರಿಹೋಗುತ್ತವೆ. ತಲೆಯ ಕೆಳ ಅಂಚು ಕಾಲಿಗೆ ಅಂಟಿಕೊಂಡಿರುತ್ತದೆ. ಬಲಿತ ಮೇಲೆ ಬುಡದಲ್ಲಿ ಬಿಟ್ಟುಕೊಂಡು ಉದ್ದಕ್ಕೆ ಸೀಳುತ್ತದೆ.

4. ಕಾಲು: ಗಟ್ಟಿ, ನಾರುನಾರಾಗಿ ಮರದಂತೆ. ಬುಡ ಗಡ್ಡೆಯಂತೆ ದಪ್ಪ. ಬುಡದ ಸುತ್ತ ಬಟ್ಟಲಿನಂತಹ ಚೀಲ ಇರುವುದಿಲ್ಲ.

5. ಸೀಳಿ ನೋಡಿದರೆ: ತಲೆಯಿಂದ ಬುಡದವರೆಗೆ ಚಾಕುವಿನಿಂದ ನೇರ ಸೀಳಬೇಕು. ಕಾಲು ತಲೆಯ ಒಳಗೆ ನುಗ್ಗಿ ನೆತ್ತಿಯವರೆಗೂ ಕಂಬದಂತೆ ಹೋಗಿರುತ್ತದೆ. ಇದೇ ಮುಖ್ಯ ಗುರುತು. ಪೊಡಾಕ್ಸಿಸ್ ಎಂಬ ಹೆಸರು ಬಂದದ್ದೂ ಕಾಲೇ ಅಚ್ಚಾಗಿರುವ ಈ ಲಕ್ಷಣದಿಂದ.

6. ಪುಡಿ: ಎಳೆಯದರ ಒಳಗೆ ಬಿಳಿ. ಬಲಿತಂತೆ ಹಳದಿ ಮಿಶ್ರಿತ ಕಂದು, ಕೆಂಗಂದು, ಕೊನೆಗೆ ಕರಿಗಂದು. ಒಣ ಪುಡಿಯಾಗುತ್ತದೆಯೇ ಹೊರತು ಶಾಯಿಯಂತೆ ಕರಗಿ ಸೋರುವುದಿಲ್ಲ.

ಇದರ ಜೊತೆ ಏಳುವ ಇತರ ಅಣಬೆಗಳು

ಹುತ್ತದ ಮೇಲೆ ಏಳುವುದೆಲ್ಲ ಒಂದೇ ಅಣಬೆಯಲ್ಲ. ಕೆಲವು ಜಾತಿಯ ಗೆದ್ದಲುಗಳು ಹುತ್ತದೊಳಗೆ ತಾವೇ ತೋಟ ಮಾಡಿ ಬೆಳೆಸಿಕೊಳ್ಳುವ ಅಣಬೆ ಬೇರೆ ಇದೆ. ಅದು ಕೊಡೆ ಬಿಚ್ಚುತ್ತದೆ, ಕೊಡೆಯ ನೆತ್ತಿಯಲ್ಲಿ ಮೊನೆಯಿರುತ್ತದೆ. ಅಗೆದರೆ ಅದರ ಬೇರಿನಂತಹ ಬಾಲ ಗೆದ್ದಲಿನ ಗೂಡಿನವರೆಗೆ ಇಳಿದಿರುತ್ತದೆ. ಶಾಸ್ತ್ರದಲ್ಲಿ ಅದಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು. ಒನಕೆ ಅಣಬೆಗೆ ಅಂತಹ ಉದ್ದ ಬಾಲವಿಲ್ಲ.

ಗೋಮಾಳದಲ್ಲಿ ಕಾಲಿಲ್ಲದೆ ನೆಲಕ್ಕೆ ಅಂಟಿಕೊಂಡ ನಿಂಬೆಹಣ್ಣಿನಷ್ಟು ಗುಂಡನೆಯ ಅಣಬೆ ಕಂಡರೆ ಅದು ನಿಜವಾದ ಉಂಡೆ ಅಣಬೆ ಇರಬಹುದು. ಎಳೆಯದನ್ನು ಸೀಳಿದರೆ ಒಳಗೆಲ್ಲ ಗಿಣ್ಣಿನಂತೆ ಒಂದೇ ಸಮ ಬಿಳಿ. ಕಾಲು, ಪದರ, ಕೊಡೆಯ ಗುರುತು ಏನೂ ಇರುವುದಿಲ್ಲ. ಇದೇ ಗಾತ್ರದ ಇನ್ನೊಂದು ಅಣಬೆಯುಂಟು. ಅದರ ಸಿಪ್ಪೆ ದಪ್ಪ, ಒತ್ತಿದರೆ ಗಟ್ಟಿ, ಸೀಳಿದರೆ ಎಳೆಯದರಲ್ಲೇ ಒಳಗೆ ನೇರಳೆ ಕಪ್ಪು. ಇದು ಸ್ಕ್ಲೆರೊಡರ್ಮ ಎಂಬ ಗುಂಪಿನದು. ತಿಂದರೆ ವಾಂತಿ, ಹೊಟ್ಟೆನೋವು ತರುತ್ತದೆ.

ನೀಲಗಿರಿ ನೆಡುತೋಪಿನಲ್ಲಿ ಸಗಣಿ ಮುದ್ದೆಯಂತೆ ಕಾಣುವ, ಮುಟ್ಟಿದರೆ ಕೈಗೆ ಕಂದು ಬಣ್ಣ ಹತ್ತುವ ಅಣಬೆಯೂ ಧೂಳಿನ ಅಣಬೆಯೇ. ಅದನ್ನು ಕತ್ತರಿಸಿದರೆ ಒಳಗೆ ಕಾಳು ಜೋಡಿಸಿಟ್ಟಂತೆ ಕಾಣುತ್ತದೆ. ಅದರ ಹೆಸರು ಪೈಸೊಲಿತಸ್, ಎಂದರೆ ಬಟಾಣಿ ಕಲ್ಲು. ಅದು ಮರದ ಬೇರಿನೊಂದಿಗೆ ಕೂಡಿ ಬಾಳುತ್ತದೆ. ಬೇರಿಗೆ ನೀರು, ರಂಜಕ ಒದಗಿಸಿ ಪ್ರತಿಯಾಗಿ ಮರದಿಂದ ಸಕ್ಕರೆ ಪಡೆಯುತ್ತದೆ. ಹಲವು ದೇಶಗಳಲ್ಲಿ ಸಸಿಮಡಿಗಳಲ್ಲಿ ಇದರ ಬೀಜಾಣುಗಳನ್ನು ಬೇಕೆಂದೇ ಸೇರಿಸುತ್ತಾರೆ.

ಕರಾವಳಿ, ಪಶ್ಚಿಮಘಟ್ಟದ ಕಡೆ ಕಲ್ಲಣಬೆ ಎಂದು ಮಾರುವ ಅಣಬೆಯ ಬಗ್ಗೆ ಕೇಳಿರಬಹುದು. ಅದು ಅಸ್ಟ್ರಿಯಸ್ ಗುಂಪಿನದು. ಎಳೆಯದಿದ್ದಾಗ ಗೋಲಿಯಂತೆ ಮಣ್ಣಿನಲ್ಲಿ ಹುದುಗಿರುತ್ತದೆ. ಬಲಿತ ಮೇಲೆ ಹೊರಸಿಪ್ಪೆ ನಕ್ಷತ್ರದಂತೆ ಬಿಚ್ಚುತ್ತದೆ. ಮಳೆಗೆ ಅರಳಿ, ಒಣಹವೆಗೆ ಮುದುಡುವುದು ಅದರ ವಿಶೇಷ. ಅಲ್ಲಿನ ಜನ ತಲೆತಲಾಂತರದಿಂದ ಅದನ್ನು ಬಲ್ಲರು. ಅವರ ಬಲ್ಲತನ ನಮ್ಮ ಊರಿನ ಅಣಬೆಗೆ ಅನ್ವಯವಾಗುವುದಿಲ್ಲ ಎಂಬುದನ್ನು ನೆನಪಿಡಿ.

ಹೊಲಕ್ಕೆ ಕೆಡುಕಿಲ್ಲ

ಮೊದಲ ಪ್ರಶ್ನೆಗೆ ಬರೋಣ. ಜೋಳದ ತೆನೆಯಲ್ಲಿ ಕಾಳಿನ ಬದಲು ಕರಿ ಪುಡಿ ತುಂಬುವ ಕಾಡಿಗೆ ರೋಗವೂ ಶಿಲೀಂಧ್ರದಿಂದಲೇ ಬರುತ್ತದೆ. ಪುಡಿಯ ಬಣ್ಣ ಒಂದೇ ತೆರನಾಗಿ ಕಾಣುವುದರಿಂದ ರೈತರಿಗೆ ಅನುಮಾನ ಬರುವುದು ಸಹಜ. ಆದರೆ ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಕಾಡಿಗೆ ರೋಗದ ಶಿಲೀಂಧ್ರ ಜೀವಂತ ಜೋಳದ ಗಿಡದೊಳಗೆ ಬೆಳೆಯುವಂತಹದು. ಕಾಳು ಕಾಡಿಗೆಯ ಬೀಜಾಣು ಬಿತ್ತನೆ ಬೀಜಕ್ಕೆ ಅಂಟಿಕೊಂಡು ಮುಂದಿನ ಬೆಳೆಗೆ ಬರುತ್ತದೆ. ಅದಕ್ಕೆ ಪ್ರತಿ ಕಿಲೋ ಬೀಜಕ್ಕೆ 4 ಗ್ರಾಂ ಗಂಧಕದ ಪುಡಿ ಬೆರೆಸಿ ಬಿತ್ತುವುದು ಹಳೆಯ, ಕಡಿಮೆ ಖರ್ಚಿನ ಉಪಾಯ. ಒನಕೆ ಅಣಬೆಯು ನೆಲದಲ್ಲಿನ ಸತ್ತ ಹುಲ್ಲು, ಕಸಕಡ್ಡಿಯಂತಹ ವಸ್ತುವನ್ನು ಕೊಳೆಸಿ ಬದುಕುತ್ತದೆ. ಜೋಳ, ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಯಾವ ಬೆಳೆಗೂ ಅದರಿಂದ ರೋಗ ಬರುವುದಿಲ್ಲ. ಕಸವನ್ನು ಮಣ್ಣಾಗಿಸುವ ಕೆಲಸದಲ್ಲಿ ಅದು ನಿಮ್ಮ ಆಳು.

ಆದ್ದರಿಂದ ಹೊಲದಲ್ಲಿ ಅಣಬೆ ಕಂಡಿತೆಂದು ಔಷಧಿ ಸಿಂಪಡಿಸಲು ಹೋಗಬೇಡಿ. ಹಣವೂ ದಂಡ, ಮಣ್ಣಿಗೂ ಕೆಡುಕು. ಹುತ್ತದ ಮೇಲೆ ಎದ್ದಿದ್ದರೆ ಒಳಗೆ ನಿಧಿಯಿದೆ ಎಂದು ಅಗೆಯುವುದೂ ಬೇಡ. ನಿಧಿ ಇರುವುದಿಲ್ಲ, ಹಾವು ಇರಬಹುದು.

ಪುಡಿ ಕಣ್ಣಿಗೆ, ಮೂಗಿಗೆ ಹೋದರೆ

ಪುಡಿ ತಾಕಿದರೆ ಕಣ್ಣು ಕುರುಡಾಗುತ್ತದೆ ಎಂಬ ಭಯ ಹಲವರಲ್ಲಿದೆ. ಕಣ್ಣಿಗೆ ಬಿದ್ದರೆ ಮರಳು ಬಿದ್ದಂತೆ ಉರಿಯುತ್ತದೆ. ಉಜ್ಜದೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಉರಿ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಪುಡಿಯನ್ನು ಮೂಗಿನಿಂದ ಎಳೆದುಕೊಳ್ಳುವುದು ಮಾತ್ರ ಹಗುರವಾದ ಸಂಗತಿಯಲ್ಲ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ 1994ರಲ್ಲಿ 8 ಮಂದಿ ಹರೆಯದವರು ಆಟಕ್ಕೆಂದು ಉಂಡೆ ಅಣಬೆಯ ಪುಡಿಯನ್ನು ಮೂಗಿನಿಂದ ಎಳೆದುಕೊಂಡರು. ಅವರಿಗೆ ಜ್ವರ, ಕೆಮ್ಮು, ಏದುಸಿರು ಬಂದು, ಶ್ವಾಸಕೋಶ ಊದಿಕೊಂಡು ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕೊನೆಗೆ ಎಲ್ಲರೂ ಗುಣವಾದರು. ನಮ್ಮ ಮಕ್ಕಳೂ ಒಣಗಿದ ಅಣಬೆ ಕಂಡರೆ ಒಬ್ಬರ ಮುಖಕ್ಕೊಬ್ಬರು ಒಡೆದು ಆಡುತ್ತಾರೆ. ಬೇಡವೆಂದು ತಿಳಿಹೇಳಿ. ಉಬ್ಬಸದ ತೊಂದರೆಯಿರುವವರು ದೂರವಿರುವುದು ಕ್ಷೇಮ.

ಗಾಯಕ್ಕೆ ಅಣಬೆಯ ಪುಡಿ ಉದುರಿಸಿದರೆ ರಕ್ತ ನಿಲ್ಲುತ್ತದೆ ಎಂದು ಹಲವು ದೇಶಗಳ ಹಳ್ಳಿಗರು ನಂಬಿ ಬಳಸಿದ್ದಾರೆ. ಆಸ್ಟ್ರೇಲಿಯದ ಮೂಲನಿವಾಸಿಗಳಂತೂ ಒನಕೆ ಅಣಬೆಯ ಕರಿ ಪುಡಿಯನ್ನು ಮುದುಕರ ನರೆಗೂದಲಿಗೆ ಬಣ್ಣವಾಗಿ ಹಚ್ಚುತ್ತಿದ್ದರು. ಕೂದಲಿಗೆ ಹಚ್ಚಿದ ಮಾತು ಹಾಗಿರಲಿ, ಗಾಯಕ್ಕೆ ಮಾತ್ರ ಹಚ್ಚಬೇಡಿ. ಮಣ್ಣಿನ ಜೊತೆ ಬೆರೆತ ಪುಡಿಯಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು. ಮನುಷ್ಯರಿಗಾಗಲಿ, ದನ ಕುರಿಗಳಿಗಾಗಲಿ ಗಾಯವಾದರೆ ತೊಳೆದು, ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸುವುದೇ ಸರಿ.

ತಿನ್ನಬಹುದೇ?

ರಾಜಸ್ಥಾನದ ಮರುಭೂಮಿಯಲ್ಲಿ ಮಳೆಗಾಲದಲ್ಲಿ ಎಳೆಯ ಒನಕೆ ಅಣಬೆಯನ್ನು ಖುಂಬಿ ಎಂಬ ಹೆಸರಿನಿಂದ ಕಿತ್ತು ತಿನ್ನುತ್ತಾರೆ, ಸಂತೆಯಲ್ಲಿ ಮಾರುವುದೂ ಉಂಟು. ದಕ್ಷಿಣ ಆಫ್ರಿಕದಲ್ಲೂ ಹುತ್ತದ ಮೇಲಿನದನ್ನು ಎಳೆಯದಿದ್ದಾಗ ತಿನ್ನುವವರಿದ್ದಾರೆ. ಹಾಗಿದ್ದರೆ ನಾವೂ ತಿನ್ನಬಹುದಲ್ಲ ಎಂದು ಕೇಳುವಿರಿ. ಈ ಪುಟವನ್ನು ಓದಿ ಅಣಬೆ ಕಿತ್ತು ತಿನ್ನಬೇಡಿ ಎಂಬುದೇ ನನ್ನ ಖಚಿತ ಉತ್ತರ. ಕಾರಣವನ್ನೂ ಹೇಳುತ್ತೇನೆ.

ಕೊಂದುಹಾಕುವ ಅಣಬೆಗಳಲ್ಲಿ ಮೊದಲ ಹೆಸರು ಅಮಾನಿಟ ಕುಲದ ಕೆಲವು ಜಾತಿಗಳದು. ಇವು ಎಳೆಯದಿದ್ದಾಗ ಬಿಳಿ ಮೊಟ್ಟೆಯಂತೆ ನೆಲದಿಂದ ಏಳುತ್ತವೆ. ಆಗ ಉಂಡೆ ಅಣಬೆಗೂ ಇದಕ್ಕೂ ಹೊರನೋಟಕ್ಕೆ ವ್ಯತ್ಯಾಸ ಕಾಣದು. ಸೀಳಿ ನೋಡಿದಾಗ ಒಳಗೆ ಕಾಲು ಮತ್ತು ಕೊಡೆಯ ಚಿತ್ರ ಕಂಡರೆ ಎಸೆಯಬೇಕು, ಒಂದೇ ಸಮ ಬಿಳಿಯಿದ್ದರೆ ಉಂಡೆ ಅಣಬೆ ಎಂದು ತಿಳಿಯಬೇಕು. ಇದು ಬಲ್ಲವರು ಅನುಸರಿಸುವ ನಿಯಮ. ಆದರೆ ಒನಕೆ ಅಣಬೆಯನ್ನು ಸೀಳಿದರೂ ಒಳಗೆ ಕಾಲು ಕಾಣುತ್ತದೆಯಲ್ಲ! ಒಳಗೆ ಕಾಲಿದ್ದರೂ ಪರವಾಗಿಲ್ಲ ಎಂದು ಒಮ್ಮೆ ರೂಢಿ ಮಾಡಿಕೊಂಡವರು ಇನ್ನೊಂದು ದಿನ, ಇನ್ನೊಂದು ಊರಿನಲ್ಲಿ ಅಮಾನಿಟವನ್ನೂ ಅದೇ ಧೈರ್ಯದಿಂದ ಒಲೆಗೆ ಹಾಕುತ್ತಾರೆ. ಕಾಲು ನೆತ್ತಿಯವರೆಗೆ ಹೋಗಿದೆಯೇ, ಕೊಡೆಯ ಕೆಳಗೇ ನಿಂತಿದೆಯೇ, ಬುಡದಲ್ಲಿ ಚೀಲವಿದೆಯೇ ಎಂದು ಅಳೆದು ನೋಡುವ ತಾಳ್ಮೆ ಹಸಿದ ಹೊತ್ತಿನಲ್ಲಿ ಯಾರಿಗೂ ಇರುವುದಿಲ್ಲ.

ನಮ್ಮ ಕಡೆಯಿಂದ ಕೂಲಿಗಾಗಿ ಮಲೆನಾಡಿಗೆ, ಕಾಫಿ ತೋಟಗಳಿಗೆ ಹೋಗುವವರಿದ್ದಾರೆ. ಅಂಥವರು ಈ ಮಾತನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು. ಅಮಾನಿಟಗಳು ಕಾಡುಮರಗಳ ಬೇರಿನೊಂದಿಗೆ ಬೆಳೆಯುವಂತಹವು. ಊರಿನ ಗೋಮಾಳದಲ್ಲಿ ಕಂಡ ಅಣಬೆಯಂತೆಯೇ ಇದೆ ಎಂದು ಅಲ್ಲಿ ಕಿತ್ತರೆ ಅದು ಬೇರೆಯೇ ಆಗಿರಬಹುದು. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನ ಮೇಲ್ಭಾಗದ ಜಿಲ್ಲೆಗಳಲ್ಲಿ ಕಾಡು ಅಣಬೆ ತಿಂದು 13 ಜನ ಸತ್ತರು. ದಿಬ್ರುಗಢದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸೇರಿದವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕೂಲಿ ಕುಟುಂಬದವರು. ಒಂದು ಹೊತ್ತಿನ ಪಲ್ಯಕ್ಕೆ ಮನೆಮಂದಿಯ ಜೀವ ತೆತ್ತರು.

ದನದ ಕೊಟ್ಟಿಗೆಯ ಹತ್ತಿರ, ಗೊಬ್ಬರ ಬಿದ್ದ ಹುಲ್ಲುನೆಲದಲ್ಲಿ ತಟ್ಟೆಯಗಲ ಬೆಳೆಯುವ ಬಿಳಿ ಅಣಬೆಯ ಬಗ್ಗೆಯೂ ಎಚ್ಚರಿಕೆ ಬೇಕು. ಕ್ಲೊರೊಫಿಲ್ಲಮ್ ಎಂಬ ಇದರ ತಲೆಯ ಮೇಲೆ ಕಂದು ಚಕ್ಕೆಗಳಿರುತ್ತವೆ, ಕಾಲಿಗೆ ಬಳೆಯಿರುತ್ತದೆ. ಬಲಿತಂತೆ ಕೊಡೆಯಡಿಯ ಪದರಗಳು ಹಸಿರು ಛಾಯೆಗೆ ತಿರುಗುತ್ತವೆ. ಎಳೆಯದರಲ್ಲಿ ತಲೆ ಮುಚ್ಚಿಕೊಂಡು ಬಾರಿಸುವ ಕೋಲಿನಂತೆ ಕಾಣುವುದರಿಂದ ಒನಕೆ ಅಣಬೆ ಎಂದು ಭ್ರಮೆಯಾಗಬಹುದು. ತಿಂದ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಭೇದಿ ಶುರುವಾಗುತ್ತದೆ.

ಈ ಪರೀಕ್ಷೆಗಳನ್ನು ನಂಬಬೇಡಿ

* ಅಣಬೆ ಬೇಯಿಸುವಾಗ ಬೆಳ್ಳಿ ನಾಣ್ಯ ಹಾಕಿ, ಕಪ್ಪಾಗದಿದ್ದರೆ ವಿಷವಿಲ್ಲ ಎನ್ನುವುದು ಸುಳ್ಳು.
* ಬೆಳ್ಳುಳ್ಳಿ, ಅರಿಶಿನ, ಅಕ್ಕಿ ಹಾಕಿ ಬಣ್ಣ ನೋಡುವುದೂ ಸುಳ್ಳು.
* ಹುಳು ತಿಂದಿದೆ, ಕುರಿ ಮೇಯ್ದಿದೆ, ಆದ್ದರಿಂದ ನಮಗೂ ಕ್ಷೇಮ ಎನ್ನುವಂತಿಲ್ಲ. ಅವುಗಳ ಮೈಗುಣ ಬೇರೆ, ನಮ್ಮದು ಬೇರೆ.
* ಹುಣಸೆಹುಳಿ, ಉಪ್ಪು ಹಾಕಿ ಬೇಯಿಸಿದರೆ ವಿಷ ಇಳಿಯುತ್ತದೆ ಎನ್ನುವುದೂ ತಪ್ಪು. ಅಮಾನಿಟದ ವಿಷ ಬೇಯಿಸಿದರೂ, ಒಣಗಿಸಿದರೂ ಹೋಗುವುದಿಲ್ಲ.
* ಬಿಳಿ ಬಣ್ಣ, ಒಳ್ಳೆಯ ವಾಸನೆ, ಸಿಹಿ ರುಚಿ ಯಾವುದೂ ಭರವಸೆಯಲ್ಲ.
* ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದರೆ ಹೆಸರು ಹೇಳುವ ಸಾಧನಗಳು ಬಂದಿವೆ. ಹೆಸರಿನ ಸುಳಿವಿಗೆ ಅವನ್ನು ಬಳಸಿ, ಊಟದ ತೀರ್ಮಾನಕ್ಕೆ ಬೇಡ.

ತಿಂದು ತೊಂದರೆಯಾದರೆ

ಕಾಡು ಅಣಬೆ ತಿಂದವರಿಗೆ ವಾಂತಿ ಭೇದಿ ಬೇಗ ಶುರುವಾದರೂ, ತಡವಾಗಿ ಶುರುವಾದರೂ ಆಸ್ಪತ್ರೆಗೆ ಹೋಗಲೇಬೇಕು. ತಡವಾಗಿ ಬಂದದ್ದು ಹೆಚ್ಚು ಅಪಾಯದ ಗುರುತು. ಅಮಾನಿಟದ ವಿಷ ತಿಂದ 6ರಿಂದ 24 ಗಂಟೆಯವರೆಗೂ ಏನೂ ತೋರಿಸದೆ ಇರಬಹುದು. ಆಮೇಲೆ ಹೊಟ್ಟೆನೋವು, ವಾಂತಿ, ಭೇದಿ ಕಾಣಿಸಿ, ಒಂದೆರಡು ದಿನದಲ್ಲಿ ಕಡಿಮೆಯಾದಂತೆ ತೋರುತ್ತದೆ. ಮನೆಯವರು ಗುಣವಾಯಿತೆಂದು ಸಮಾಧಾನಪಡುತ್ತಾರೆ. ಒಳಗೆ ಯಕೃತ್ತು ಕೆಡುತ್ತಿರುತ್ತದೆ. ಮೂರನೆಯ ನಾಲ್ಕನೆಯ ದಿನಕ್ಕೆ ಕಾಮಾಲೆ, ಮಂಪರು ಬಂದಾಗ ಕೈಮೀರಿರುತ್ತದೆ.

ಆದ್ದರಿಂದ ಕೂಡಲೇ 108ಕ್ಕೆ ಕರೆ ಮಾಡಿ ಇಲ್ಲವೆ ಸಿಕ್ಕ ವಾಹನದಲ್ಲಿ ಜಗಳೂರಿನ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಹೇಳಿದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಉಳಿದ ಅಣಬೆಯನ್ನು, ಬೇಯಿಸಿದ ಪಲ್ಯವನ್ನಾದರೂ ಸರಿ, ಜೊತೆಯಲ್ಲಿ ಒಯ್ಯಿರಿ. ಯಾವಾಗ ತಿಂದರು, ಯಾರ್‍ಯಾರು ತಿಂದರು, ಎಷ್ಟು ಹೊತ್ತಿಗೆ ವಾಂತಿ ಆಯಿತು ಎಂಬುದನ್ನು ವೈದ್ಯರಿಗೆ ಹೇಳಿ. ಅದೇ ಅಡುಗೆ ಉಂಡವರು ಆರಾಮವಾಗಿದ್ದರೂ ಅವರನ್ನೂ ಕರೆದೊಯ್ಯಿರಿ. ಮನೆಮದ್ದು, ನಾಟಿ ಔಷಧಿ ಎಂದು ಹೊತ್ತು ಕಳೆಯಬೇಡಿ.

ಅಪರೂಪದ ಅಣಬೆ ಕಂಡಾಗ ಮಾದರಿ ತೆಗೆಯುವ ವಿಧಾನ

ತಿನ್ನಬೇಡಿ ಎಂದೆನೇ ಹೊರತು ನೋಡಬೇಡಿ ಎನ್ನಲಿಲ್ಲ. ಒಣ ಸೀಮೆಯ ಅಣಬೆಗಳನ್ನು ಹುಡುಕಿ ಬರೆದಿಟ್ಟವರು ಕಡಿಮೆ. ಶಾಸ್ತ್ರಜ್ಞರು ಮಳೆ ಹೆಚ್ಚಿರುವ ಕಾಡುಗಳಿಗೆ ಹೋಗುವಷ್ಟು ಗೋಮಾಳಗಳಿಗೆ ಬರುವುದಿಲ್ಲ. ಕುರಿ ಕಾಯುವವರು, ಬದುವಿನ ಮೇಲೆ ದಿನವೂ ಓಡಾಡುವವರು ನೀವು. ಅಪರೂಪದ್ದು ಮೊದಲು ಕಾಣುವುದು ನಿಮ್ಮ ಕಣ್ಣಿಗೇ. ಕಂಡಾಗ ಹೀಗೆ ಮಾಡಿ:

1. ಕೀಳುವ ಮೊದಲು ಇದ್ದ ಜಾಗದಲ್ಲೇ ಮೊಬೈಲಿನಲ್ಲಿ ಎರಡು ಮೂರು ಚಿತ್ರ ತೆಗೆಯಿರಿ. ಗಾತ್ರ ತಿಳಿಯಲು ಪಕ್ಕದಲ್ಲಿ ಬೆಂಕಿಪೊಟ್ಟಣ ಇಡಿ.

2. ಕೈಯಿಂದ ಮುರಿಯಬೇಡಿ. ಕುಡುಗೋಲಿನ ತುದಿಯಿಂದ ಸುತ್ತ ಮಣ್ಣು ಸಡಿಲಿಸಿ, ಬುಡದ ಗಡ್ಡೆ ಸಮೇತ ಎತ್ತಿ. ಬುಡದಲ್ಲಿ ಚೀಲವಿದೆಯೇ, ಬಾಲವಿದೆಯೇ ಎಂಬುದು ಮುಖ್ಯ.

3. ಎಳೆಯದು, ನಡುಪ್ರಾಯದ್ದು, ಒಣಗಿದ್ದು ಮೂರೂ ಸಿಕ್ಕರೆ ಒಳ್ಳೆಯದು. ಒಂದನ್ನು ಉದ್ದಕ್ಕೆ ಸೀಳಿ ಚಿತ್ರ ತೆಗೆಯಿರಿ. ಎಲ್ಲವನ್ನೂ ಕೀಳಬೇಡಿ, ಬೀಜಕ್ಕೆ ಕೆಲವನ್ನು ಬಿಡಿ.

4. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಕೊಳೆಯುತ್ತದೆ. ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ.

5. ಬಲಿತದ್ದರ ಪುಡಿಯನ್ನು ಸ್ವಲ್ಪ ಬಿಳಿ ಕಾಗದದ ಮೇಲೆ ಉದುರಿಸಿ ಮಡಚಿಡಿ. ಪುಡಿಯ ಬಣ್ಣ ಗುರುತಿಗೆ ಬೇಕು. ಆಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

6. ಚೀಟಿಯಲ್ಲಿ ದಿನಾಂಕ, ಊರು, ಮಣ್ಣಿನ ಬಗೆ, ಹತ್ತಿರದ ಮರ ಅಥವಾ ಹುತ್ತ, ಮಳೆ ಬಂದು ಎಷ್ಟು ದಿನವಾಯಿತು ಎಂಬುದನ್ನು ಬರೆದು ಜೊತೆಗಿಡಿ. ಚೀಟಿಯಿಲ್ಲದ ಮಾದರಿಗೆ ಅರ್ಧ ಬೆಲೆ.

7. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ಮಾದರಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ತಲುಪಿಸಿ. ಅಲ್ಲಿಂದ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಸ್ಯರೋಗ ಶಾಸ್ತ್ರಜ್ಞರಿಗೆ ಹೋಗಬಹುದು. ಆದರೆ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿಧಾಮದ ಒಳಗೆ ಹೋಗಿ ಏನನ್ನೂ ಕೀಳಬಾರದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿಂದ ಏನು ತಂದರೂ ಕಾನೂನಿಗೆ ವಿರುದ್ಧ.

ಅಣಬೆಯ ರುಚಿ ಬೇಕಾದವರಿಗೆ

ಅಣಬೆ ಪಲ್ಯದ ಆಸೆ ಇರುವವರು ಮನೆಯಲ್ಲೇ ಚಿಪ್ಪು ಅಣಬೆ ಬೆಳೆಯಬಹುದು. ಭತ್ತದ ಹುಲ್ಲು ಸಿಕ್ಕರೆ ಸಾಕು. ಹುಲ್ಲನ್ನು ಒಂದೆರಡು ಅಂಗುಲಕ್ಕೆ ಕತ್ತರಿಸಿ ರಾತ್ರಿ ನೀರಿನಲ್ಲಿ ನೆನೆಸಿ. ಬೆಳಗ್ಗೆ ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಕಾಯಿಸಿ, ಬಸಿದು, ಹಿಂಡಿದರೆ ಹನಿ ಬೀಳದಷ್ಟು ಆರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಅದರ ಮೇಲೆ ಅಣಬೆ ಬೀಜ, ಹೀಗೆ ತುಂಬಿ ಬಾಯಿ ಕಟ್ಟಿ ಸಣ್ಣ ತೂತುಗಳನ್ನು ಮಾಡಿ. ಕತ್ತಲೆಯ ತಂಪು ಕೋಣೆಯಲ್ಲಿ 15ರಿಂದ 20 ದಿನ ಇಟ್ಟರೆ ಹುಲ್ಲೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಚೀಲ ಬಿಡಿಸಿ, ಬೆಳಕು ಗಾಳಿ ಬರುವಲ್ಲಿಟ್ಟು ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಕೆಲವೇ ದಿನಗಳಲ್ಲಿ ಮೊದಲ ಕೊಯ್ಲು ಸಿಗುತ್ತದೆ. ಬಿಸಿಲುಗಾಲದ ಸೆಕೆ ನಮ್ಮಲ್ಲಿ ಹೆಚ್ಚು, ಆದ್ದರಿಂದ ಮಳೆಗಾಲ ಮತ್ತು ಚಳಿಗಾಲದಲ್ಲಿ ಮಾಡುವುದು ಒಳ್ಳೆಯದು. ಅಣಬೆ ಬೀಜ ಮತ್ತು ತರಬೇತಿಯ ವಿವರವನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ತಿಳಿಯಬಹುದು. ಹುಲ್ಲು ತಿರುಗಿ ಗೊಬ್ಬರಕ್ಕೂ ಆಗುತ್ತದೆ.

ಈ ಸಲದ ರೋಹಿಣಿ, ಮೃಗಶಿರಾ ಮಳೆಯ ನಂತರ ಗೋಮಾಳದ ಕಡೆ ಹೋದಾಗ ಹುತ್ತದ ಸುತ್ತ ಒಮ್ಮೆ ಕಣ್ಣಾಡಿಸಿ. ಒನಕೆ ಅಣಬೆ ಕಂಡರೆ ಮಕ್ಕಳನ್ನು ಕರೆದು ತೋರಿಸಿ, ಸೀಳಿ ಒಳಗಿನ ಕಂಬವನ್ನು ತೋರಿಸಿ, ಚೀಟಿ ಬರೆಸಿ. ಬಾಯಿಗೆ ಹಾಕುವಂತಿಲ್ಲ ಎಂಬುದನ್ನೂ ಅದೇ ಹೊತ್ತಿನಲ್ಲಿ ಹೇಳಿ. ವಾಚನಾಲಯದಲ್ಲಿ ಇದನ್ನು ಓದಿದವರು ಓದು ಬಾರದ ನೆರೆಯವರಿಗೂ, ಮುಖ್ಯವಾಗಿ ಅಡುಗೆ ಮಾಡುವ ಹೆಣ್ಣುಮಕ್ಕಳಿಗೂ ಕುರಿ ಕಾಯುವ ಹುಡುಗರಿಗೂ ಓದಿ ಹೇಳಬೇಕೆಂದು ವಿನಂತಿ.